ವಿಜಾಪುರಕ್ಕೆ ಗಾಲ್ಫ್ ಬಂದ ವರ್ಷ

ನಮ್ಮ ಕಡೆಯ ಜನ ಯಾವ ಹೊಸ ಕೆಲಸವನ್ನೂ ಅಳುಕುತ್ತ ಶುರು ಮಾಡುವುದಿಲ್ಲ. ಮೊದಲು "ಅದರಾಗೇನೈತಿ" ಅನ್ನುತ್ತಾರೆ, ಆಮೇಲೆ ಶುರು ಮಾಡುತ್ತಾರೆ, ಅದು ಏನು ಎಂಬುದನ್ನು ಕಟ್ಟಕಡೆಗೆ ಕೇಳುತ್ತಾರೆ. ಹೀಗಾಗಿ ವಿಜಾಪುರ ಸೀಮೆಯಲ್ಲಿ ಹುಟ್ಟಿದವನಿಗೆ ನಗುವುದಕ್ಕಾಗಿ ಪರ ಊರಿಗೆ ಹೋಗುವ ಪ್ರಸಂಗವೇ ಬರುವುದಿಲ್ಲ. ಮುಂದೆ ನಾನು ವಕೀಲನಾಗಿ ಕೋರ್ಟಿನಲ್ಲಿ ಬೇಕಾದಷ್ಟು ನಗೆ ಕಂಡೆ. ಆದರೆ ಕಾಲೇಜಿನಲ್ಲಿದ್ದಾಗ ನಾವು ಗಾಲ್ಫ್ ಆಡಿದ ಆ ಒಂದು ವರ್ಷದ ಮುಂದೆ ಕೋರ್ಟೆಲ್ಲ ಸಪ್ಪೆ.

ಬೂಟಿನ ಯೋಗ

ಸ್ವಾತಂತ್ರ್ಯ ಬಂದ ಹೊಸತು. ಊರಿನ ಇಂಗ್ಲಿಷ್ ಸಾಹೇಬರು ಗಂಟುಮೂಟೆ ಕಟ್ಟಿಕೊಂಡು ಹೋಗುವಾಗ ಗಾಲ್ಫ್ ಆಡುವ ಕೋಲುಗಳನ್ನೂ ಒಂದು ಚೀಲ ಚೆಂಡುಗಳನ್ನೂ ಇಲ್ಲೇ ಬಿಟ್ಟುಹೋದರು. ಅವು ಹೇಗೋ ನಮ್ಮ ಕಾಲೇಜಿಗೆ ಬಂದು ಸೇರಿದವು. ನಮ್ಮ ಪ್ರಿನ್ಸಿಪಾಲರು ಧಾರವಾಡ ಕಡೆಯವರು. ದೊಡ್ಡ ರುಮಾಲು, ದೊಡ್ಡ ಧ್ವನಿ. ಆತ್ಮವಿಶ್ವಾಸವಂತೂ ಎರಡಕ್ಕಿಂತಲೂ ದೊಡ್ಡದು. ಪುಣೆಯಲ್ಲಿ ಓದುವಾಗ ದಿನಾಲು ಒಂದು ಗಾಲ್ಫ್ ಮೈದಾನದ ಪಕ್ಕದ ರಸ್ತೆಯಲ್ಲಿ ಹಾದುಹೋಗುತ್ತಿದ್ದರಂತೆ. ಆಟ ಕಲಿಸುವುದಕ್ಕೆ ಅಷ್ಟು ಸಾಕು ಎಂದು ಅವರೇ ಹೇಳಿದರು.

ತಂಡಕ್ಕೆ ನಾಲ್ವರು ಬೇಕಾಗಿತ್ತು. ಒಂದು ಮುಂಜಾನೆ ನನ್ನನ್ನು ಕರೆಸಿ ಮುಖ ನೋಡಲಿಲ್ಲ, ಕಾಲು ನೋಡಿದರು.

"ಬೂಟು ನಿನ್ನವೇನು?"

ಹೌದು ಸರ್, ನಮ್ಮ ಮಾವ ಸೊಲ್ಲಾಪುರದಿಂದ ತಂದುಕೊಟ್ಟದ್ದು ಅಂದೆ. ಗಾಲ್ಫಿಗೆ ಬೂಟು ಇಲ್ಲದೆ ಆಗುವುದಿಲ್ಲ, ನೀನು ತಂಡದಲ್ಲಿದ್ದೀ, ಹೋಗು ಅಂದರು. ಎರಡನೆಯವನು ಬಬಲೇಶ್ವರದ ಪೈಲ್ವಾನ. ಗರಡಿಯಲ್ಲಿ ಪಳಗಿದ ಹುಡುಗ, ಬಿ.ಎ. ಮೊದಲ ವರ್ಷ. ಅವನ ಕಾಲಿಗೆ ಹೊಂದುವ ಬೂಟು ಇಡೀ ಜಿಲ್ಲೆಯಲ್ಲಿ ಸಿಗದ ಕಾರಣ ಅವನ ಭುಜ ನೋಡಿ ತೆಗೆದುಕೊಂಡರು. ಉಳಿದ ಇಬ್ಬರು ನಿಜವಾಗಿಯೂ ಚೆನ್ನಾಗಿ ಆಡುತ್ತಿದ್ದರು. ಹಾಗಾಗಿ ಅವರ ವಿಷಯದಲ್ಲಿ ಹೇಳುವುದಕ್ಕೆ ಏನೂ ಇಲ್ಲ.

ಶನಿವಾರ ತಿಕೋಟಾಕ್ಕೆ, ನನ್ನೂರಿಗೆ ಹೋಗಿ ಅವ್ವನಿಗೆ ಸುದ್ದಿ ಹೇಳಿದೆ. ಕಾಲೇಜಿನ ತಂಡದಲ್ಲಿ ನನ್ನನ್ನು ಆರಿಸಿದ್ದಾರೆ, ಕಾರಣ ಬೂಟು ಎಂದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಟ್ಟೆಯ ಮೇಲೆ ಕುಳಿತ ಅಪ್ಪನನ್ನು ಒಮ್ಮೆ ನೋಡಿದಳು.

"ಬರೇ ಬೂಟ ಹಾಕ್ಕೊಂಡ್ರ ಇಷ್ಟ ಮರ್ಯಾದಿ ಸಿಗತೈತಿ ಅಂತ ಗೊತ್ತಿದ್ರ, ನಿಮ್ಮಪ್ಪಗೂ ಒಂದ ಜೋಡ ಹಾಕಸ್ತಿದ್ನಿ."

ತಿಕೋಟಾದ ಬಿತ್ತಿಗೆ

ಊರ ಹೊರಗಿನ ಮೈದಾನ ಇನ್ನೂ ಹಸನಾಗಿರಲಿಲ್ಲ. ಎಲ್ಲಿ ಅಭ್ಯಾಸ ಮಾಡುವುದು ಎಂಬ ಪ್ರಶ್ನೆ ಬಂತು. ನಮ್ಮ ಹೊಲವಿದೆಯಲ್ಲ ಎಂದು ನಾನೇ ಧೈರ್ಯದಿಂದ ಹೇಳಿದೆ. ಬಿಳಿಜೋಳ ಕೊಯ್ದು ರಾಶಿಯಾಗಿತ್ತು, ಬಯಲು ಕಣ್ಣು ಮುಟ್ಟುವವರೆಗೆ ಖಾಲಿ. ಚೆಂಡಿನ ಚೀಲ ಹೊತ್ತುಕೊಂಡು ನಾನೂ ಪೈಲ್ವಾನನೂ ತಿಕೋಟಾಕ್ಕೆ ಹೋದೆವು.

ಹೊಲ ನೋಡಿಕೊಳ್ಳುತ್ತಿದ್ದವನು ನಮ್ಮ ಕಾಕಾ. ಮಾತು ಕಡಿಮೆ, ಆಡಿದರೆ ತೂಕದ್ದು. ಬೇವಿನ ಮರದ ಕೆಳಗೆ ಕುಳಿತು, ಇದು ಏನು ಆಟ ಎಂದು ಕೇಳಿದ. ನಾನು ವಿವರಿಸಿದೆ. ದೂರದಲ್ಲಿ ಒಂದು ತೆಗ್ಗು ಇರುತ್ತದೆ, ಚೆಂಡನ್ನು ಹೊಡೆಯುತ್ತ ಹೊಡೆಯುತ್ತ ಅದರೊಳಗೆ ಹಾಕಬೇಕು, ಯಾರು ಎಲ್ಲರಿಗಿಂತ ಕಡಿಮೆ ಹೊಡೆತ ಹೊಡೆಯುತ್ತಾರೋ ಅವರು ಗೆದ್ದಂತೆ. ಕಾಕಾ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಪಕ್ಕಕ್ಕೆ ಉಗುಳಿದ. ಕಡಿಮೆ ಹೊಡೆದವನು ಗೆಲ್ಲುವುದಾದರೆ, ಹೊಡೆಯದೆ ಮನೆಯಲ್ಲಿ ಮಲಗಿದವನು ಎಲ್ಲರಿಗಿಂತ ದೊಡ್ಡ ಆಟಗಾರನಲ್ಲವೇ ಎಂದು ಕೇಳಿದ. ಪೈಲ್ವಾನ ನನ್ನ ಮುಖ ನೋಡಿದ. ಅವನಿಗೂ ಆ ಸಂಶಯ ಮೊದಲಿನಿಂದ ಇತ್ತೆಂದು ಕಾಣುತ್ತದೆ.

ಹೊಡೆಯಲು ಶುರು ಮಾಡಿದೆವು. ಚೆಂಡು ಚೆನ್ನಾಗಿ ಏರುತ್ತಿತ್ತು, ಚೆನ್ನಾಗಿ ಬೀಳುತ್ತಿತ್ತು, ಆಮೇಲೆ ಇಲ್ಲವಾಗುತ್ತಿತ್ತು. ನಮ್ಮದು ಎರೆಭೂಮಿ. ಬೇಸಿಗೆ ಹತ್ತಿರ ಬಂತೆಂದರೆ ನೆಲ ಬಾಯಿ ಬಿಡುತ್ತದೆ. ಆ ಬಿರುಕಿನಲ್ಲಿ ಇಡೀ ತೋಳು ಇಳಿಬಿಟ್ಟರೂ ತಳ ಸಿಗುವುದಿಲ್ಲ. ಸಾಹೇಬರ ಬಿಳಿ ಚೆಂಡುಗಳು ಒಂದೊಂದಾಗಿ ಭೂಮಿತಾಯಿಯ ಹೊಟ್ಟೆ ಸೇರಿದವು. ಸಂಜೆಗೆ ಚೀಲ ಅರ್ಧ ಹಗುರಾಗಿತ್ತು. ದಾರಿಯಲ್ಲಿ ಹೋಗುವವರು ಏನು ನಡೆದಿದೆ ಎಂದು ಕೇಳಿದರೆ ಕಾಕಾ, ಕಾಲೇಜಿನವರು ಹೊಸ ಬೀಜ ತಂದಿದ್ದಾರೆ, ಕೂರಿಗೆ ಇಲ್ಲದೆ ಬಿತ್ತುತ್ತಿದ್ದಾರೆ ಎನ್ನುತ್ತಿದ್ದ. ಕೆಲವರು ನಂಬಿದರು. ಒಬ್ಬರು ತಮಗೂ ಒಂದು ಹಿಡಿ ಕೊಡಲು ಕೇಳಿದರು.

ಮಳೆಗಾಲ ಬಂತು. ಬಿರುಕು ಮುಚ್ಚಿತು. ಕಾಕಾ ಹೊಲ ಹರಗುವಾಗ ಕುಂಟೆಯ ಹಿಂದೆ ಅಲ್ಲೊಂದು ಇಲ್ಲೊಂದು ಚೆಂಡು ಎದ್ದು ಬಂದವು. ಅವನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ವಿಜಾಪುರಕ್ಕೇ ಬಂದು, ಪ್ರಿನ್ಸಿಪಾಲರ ಮೇಜಿನ ಮೇಲೆ ಸುರಿದ. ಅವರು ಸಂತೋಷದಿಂದ ಎದ್ದು ನಿಂತರು. ಕಾಕಾ ಬಹಳ ಗಂಭೀರವಾಗಿ ಹೇಳಿದ:

"ಇಳುವರಿ ಇಷ್ಟ ಬಂದೈತಿ ನೋಡ್ರಿ. ಬಿತ್ತಿದ್ದಕ್ಕಿಂತ ಕಮ್ಮಿ. ಈ ಬೀಜ ನಮ್ಮ ಮಣ್ಣಿಗೆ ಆಗಿ ಬರೂದಿಲ್ರಿ."

ಬಬಲೇಶ್ವರದಲ್ಲಿ ಪ್ರದರ್ಶನ

ಪೈಲ್ವಾನನ ಕಷ್ಟ ಬೇರೆಯಾಗಿತ್ತು. ಕುಸ್ತಿ ಬಿಟ್ಟು ಕೋಲು ಹಿಡಿದಿದ್ದಾನೆಂಬ ಸುದ್ದಿ ಬಬಲೇಶ್ವರಕ್ಕೆ ಮುಟ್ಟಿ, ಗರಡಿಯ ಹಿರಿಯರೆಲ್ಲ ಮುನಿಸಿಕೊಂಡಿದ್ದರು. ಅವರ ಎದುರಿಗೆ ಒಮ್ಮೆ ಆಡಿ ತೋರಿಸಿದರೆ ಸಮಾಧಾನವಾದೀತು ಎಂದು ನನ್ನನ್ನೂ ಕರೆದುಕೊಂಡು ಹೋದ.

ಊರ ಹೊರಗಿನ ದಿನ್ನೆಯ ಮೇಲೆ ಹಿರಿಯರು ಕಂಬಳಿ ಹಾಸಿಕೊಂಡು ಕುಳಿತರು. ಪೈಲ್ವಾನ ಗರಡಿಯ ಮಣ್ಣು ಹಣೆಗೆ ಹಚ್ಚಿಕೊಂಡು, ತೊಡೆ ತಟ್ಟಿ, ಕೋಲು ಬೀಸಿದ. ಅಂಥ ಹೊಡೆತ ನಾನು ಮತ್ತೆ ನೋಡಲಿಲ್ಲ. ಠಪ್ಪೆಂದು ಒಂದು ಸದ್ದು, ಅಷ್ಟೇ. ಚೆಂಡು ಇದ್ದ ಜಾಗದಲ್ಲಿ ಚೆಂಡು ಇರಲಿಲ್ಲ. ಬೇರೆ ಜಾಗದಲ್ಲೂ ಇರಲಿಲ್ಲ.

ಹಿರಿಯರು ಆಕಾಶ ನೋಡಿದರು, ನೆಲ ನೋಡಿದರು. ಅವರಲ್ಲಿ ವಸ್ತಾದರು, ಅಂದರೆ ಪೈಲ್ವಾನನಿಗೆ ಕುಸ್ತಿ ಕಲಿಸಿದವರು, ತಲೆ ಅಲ್ಲಾಡಿಸಿದರು. ಕುಸ್ತಿಯಲ್ಲಿ ಬಿದ್ದವನು ಕಣ್ಣೆದುರಿಗೆ ಬಿದ್ದಿರುತ್ತಾನೆ, ಇಲ್ಲಿ ಚೆಂಡೇ ಇಲ್ಲ, ಹೊಡೆದ ಎಂದು ಯಾವ ಆಧಾರದ ಮೇಲೆ ನಂಬುವುದು ಎಂದರು. ಪೈಲ್ವಾನನ ಮುಖ ಸಣ್ಣದಾಯಿತು. ನಾನು ಸಾಕ್ಷಿ ಇದ್ದೇನೆ ಎಂದೆ. ನೀನು ಅವನ ಗೆಳೆಯ, ನಿನ್ನ ಸಾಕ್ಷಿ ನಡೆಯುವುದಿಲ್ಲ ಎಂದರು. ವಕೀಲಿಯ ಮೊದಲ ಪಾಠ ನನಗೆ ಆದದ್ದು ಅಲ್ಲಿಯೇ.

ಮಂದಿ ಏಳುವ ಹೊತ್ತಿಗೆ ಕೆಳಗಿನ ಹಳ್ಳದ ಕಡೆಯಿಂದ ಒಬ್ಬ ಬಂದ. ಮಮದಾಪುರದವನು, ಎಮ್ಮೆ ಕಾಯುವವನು. ಒಂದು ಕೈಯಲ್ಲಿ ಎಮ್ಮೆಯ ಹಗ್ಗ, ಇನ್ನೊಂದು ಕೈಯಲ್ಲಿ ಬಿಳಿ ಚೆಂಡು. ಇದು ಯಾರದು, ಮೇಲಿನಿಂದ ಬಂದು ನಮ್ಮ ಎಮ್ಮೆಯ ಪಕ್ಕೆಗೆ ಬಡಿಯಿತು ಎಂದ. ಹಿರಿಯರು ಎಮ್ಮೆಯನ್ನು ಸುತ್ತಿ ನೋಡಿದರು. ಹಳ್ಳ ಎಷ್ಟು ದೂರ ಎಂಬುದು ಎಲ್ಲರಿಗೂ ಗೊತ್ತಿತ್ತು. ವಸ್ತಾದರ ಕಣ್ಣಲ್ಲಿ ನೀರು ಬಂತು. ತಮ್ಮ ತಲೆಯ ಪಟಕಾ ತೆಗೆದು ಶಿಷ್ಯನ ತಲೆಗೆ ಸುತ್ತಿ, ಇವತ್ತಿನಿಂದ ನೀನು ಊರಿಗೇ ಪೈಲ್ವಾನ ಎಂದು ಬೆನ್ನು ತಟ್ಟಿದರು.

ಎಮ್ಮೆಯವನು ನಿಂತೇ ಇದ್ದ. ಏನು ಬೇಕಪ್ಪಾ ಎಂದು ಕೇಳಿದರು.

"ಏನೂ ಬ್ಯಾಡ್ರಿ. ಹೊಡದಾಂವಗ ಪಟಕಾ ಸುತ್ತೀರಿ, ಚಲೋ ಆತು. ಆ ಪೆಟ್ಟ ತಿಂದು ಅಲ್ಲಾಡದ ಮೇಯ್ಕೋತ ನಿಂತೈತಲ್ರಿ ನಮ್ಮ ಎಮ್ಮಿ, ಅದಕ್ಕೇನ ಸುತ್ತತೀರಿ?"

ಹಸಿರು ಎಲ್ಲಿ?

ದೇಶದ ಕಾಲೇಜುಗಳ ಗಾಲ್ಫ್ ಚಾಂಪಿಯನ್‌ಶಿಪ್ ಆ ವರ್ಷ ಬೇರೆಲ್ಲೋ ನಡೆಯುವುದಿತ್ತು. ಅಲ್ಲಿಯ ಮೈದಾನ ಕಡೆಯ ಗಳಿಗೆಯಲ್ಲಿ ಸಿಗಲಿಲ್ಲ. ಸುದ್ದಿ ಕೇಳಿದ ಪ್ರಿನ್ಸಿಪಾಲರು ಅವತ್ತೇ ತಂತಿ ಹೊಡೆದರು: ವಿಜಾಪುರ ಸಿದ್ಧವಿದೆ. ವಿಜಾಪುರಕ್ಕೆ ಆ ಸಂಗತಿ ಮರುದಿನ ಗೊತ್ತಾಯಿತು.

ಕೋಟೆಯ ಹೊರಗಿನ ಬಯಲನ್ನು ಕಾಲೇಜಿನ ಹುಡುಗರೆಲ್ಲ ಸೇರಿ ಕಲ್ಲು ಆರಿಸಿ, ಮುಳ್ಳು ಕಡಿದು ಹಸನು ಮಾಡಿದೆವು. ಗಾಲ್ಫಿನಲ್ಲಿ ತೆಗ್ಗಿನ ಸುತ್ತ ಗರಿಕೆಯಂಥ ನುಣ್ಣನೆಯ ಹುಲ್ಲು ಇರಬೇಕು. ನಮ್ಮಲ್ಲಿ ಹುಲ್ಲು ದನಕ್ಕೇ ಸಾಲುತ್ತಿರಲಿಲ್ಲ. ಇಂಥ ಒಣ ಊರುಗಳಲ್ಲಿ ಸಾಹೇಬರು ಉಸುಕು ಹಾಸಿ, ಅದು ಹಾರದಂತೆ ಮೋಟಾರಿನ ಹಳೆಯ ಎಣ್ಣೆ ಸುರಿಯುತ್ತಿದ್ದರಂತೆ. ಮೋಟಾರೇ ಅಪರೂಪವಾದ ಊರಲ್ಲಿ ಅದರ ಎಣ್ಣೆ ಎಲ್ಲಿಂದ ತರುವುದು? ಎಣ್ಣೆ ಎಂದರೆ ಎಣ್ಣೆ ಎಂದು ಪ್ರಿನ್ಸಿಪಾಲರು ಗಾಣದಿಂದ ಕುಸುಬಿ ಎಣ್ಣೆ ತರಿಸಿ ಉಸುಕಿಗೆ ಸುರಿಸಿದರು.

ಸಂಕ್ರಾಂತಿ ಮುಗಿದ ಮೇಲೆ ತಂಡಗಳು ಬಂದವು. ಮುಂಬಯಿ, ನಾಗಪುರ, ಮದ್ರಾಸು, ಆಮೇಲೆ ನಾವು. ದೇಶ ಅಂದರೆ ಅವತ್ತಿಗೆ ಅಷ್ಟೇ. ಮುಂಬಯಿ ಕ್ಯಾಪ್ಟನ್ ಎತ್ತರದ ಹುಡುಗ, ಅಡಿಯಿಂದ ಮುಡಿವರೆಗೆ ಬಿಳಿ ಬಟ್ಟೆ. ಬಯಲನ್ನೊಮ್ಮೆ ನೋಡಿ, ಹಸಿರು ಎಲ್ಲಿ ಎಂದು ವಿನಯದಿಂದ ಕೇಳಿದ. ಹಸಿರು ಬೇರೆ ಊರುಗಳಲ್ಲಿ ಬೇಕಾದಷ್ಟಿದೆ, ಇಲ್ಲಿರುವುದು ಬೇರೆಲ್ಲೂ ಇಲ್ಲ ಎಂದು ಪ್ರಿನ್ಸಿಪಾಲರು ಅಷ್ಟೇ ವಿನಯದಿಂದ ಉತ್ತರಿಸಿದರು.

ಬಿಸಿಲು ಏರಿತು. ಉಸುಕು ಕಾದಂತೆ ಕುಸುಬಿ ಎಣ್ಣೆಯ ವಾಸನೆ ಬಯಲ ತುಂಬ ಹಬ್ಬಿತು. ಅವತ್ತು ಸಂತೆ. ಅರಕೇರಿ ಕಡೆಯಿಂದ ಬರುವ ಹೆಂಗಸರು ಬುಟ್ಟಿ ಇಳಿಸಿ ನಿಂತು ಮೂಗು ಏರಿಸಿದರು. ಒಬ್ಬ ಮುದುಕಿ ನನ್ನನ್ನು ಕರೆದು, ಯಾರ ಮದುವೆ, ಎಣ್ಣೆ ಒಲೆಯ ಮೇಲೆ ಇಟ್ಟಿದ್ದೀರಲ್ಲ, ಊಟ ಯಾವಾಗ ಎಂದು ಕೇಳಿದಳು. ಮದುವೆ ಅಲ್ಲಬೇ, ಆಟ ಎಂದೆ. ಅವಳು ನಂಬಲಿಲ್ಲ. ಅತ್ತ ಮುಂಬಯಿ ಕ್ಯಾಪ್ಟನ್ ಚೆಂಡು ಹೋಗುವ ದಾರಿ ಅಳೆಯಲು ತೆಗ್ಗಿನ ಪಕ್ಕ ಕುಕ್ಕುರುಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ ದಿಟ್ಟಿಸುತ್ತಿದ್ದ. ಮುದುಕಿ ಅವನನ್ನು ನೋಡಿದಳು, ಅವನ ಬಿಳಿ ಬಟ್ಟೆ ನೋಡಿದಳು, ತೆಗ್ಗು ನೋಡಿದಳು.

"ಮದಿಮಗ ಚಲೋ ಅದಾನ ಬಿಡ. ಆದ್ರ ಅಕ್ಕಿಕಾಳ ಬೀಳೂದರಾಗ ಹಿಂಗ ಅಡಗಾಕ ತೆಗ್ಗ ಹುಡುಕ್ಕೋತ ಕುಂತಾನಂದ್ರ, ಹೆಣ್ಣ ಎಂಥಾದ ಇರಬೇಕ."

ಸುಮ್ಮನಿರುವ ಡಂಗುರ

ನಮ್ಮ ತಂಡದ ಮ್ಯಾನೇಜರು ಸಂಸ್ಕೃತದ ಮಾಸ್ತರರು. ಗಾಲ್ಫಿನ ನಿಯಮದ ಪುಸ್ತಕವನ್ನು ಅವರು ಭಗವದ್ಗೀತೆಯಷ್ಟು ಶ್ರದ್ಧೆಯಿಂದ ಓದಿದ್ದರು. ಅದರಲ್ಲಿ ಅವರಿಗೆ ಬಹಳ ಹಿಡಿಸಿದ ನಿಯಮ ಒಂದೇ: ಆಟಗಾರ ಹೊಡೆಯುವಾಗ ಸುತ್ತ ನಿಂತವರು ಮೌನವಾಗಿರಬೇಕು. ವಿಜಾಪುರದ ಜನ ಸುಮ್ಮನಿರುವವರಲ್ಲ ಎಂಬುದು ಅವರಿಗೆ ಕ್ಲಾಸಿನ ಅನುಭವದಿಂದ ಗೊತ್ತಿತ್ತು. ಆದ್ದರಿಂದ ಹಿಂದಿನ ದಿನವೇ ಡಂಗುರ ಸಾರುವವನನ್ನು ಕರೆಸಿ, ನಾಳೆ ಬಯಲಿನಲ್ಲಿ ಆಟವಿದೆ, ಯಾರೂ ಸದ್ದು ಮಾಡಬಾರದು ಎಂದು ಊರಿಗೆಲ್ಲ ಸಾರು ಎಂದರು. ಮಾತು ಗಟ್ಟಿಯಾಗಿರಲಿ ಎಂದು, ಆಟ ಮುಗಿಯುವವರೆಗೆ ಬಿಡಬೇಡ ಎಂದೂ ಸೇರಿಸಿದರು.

ಡಂಗುರದವನು ಕೊಟ್ಟ ಮಾತಿಗೆ ತಪ್ಪುವವನಲ್ಲ. ಮರುದಿನ ಆಟ ಶುರುವಾದಾಗ ಹಲಗೆ ಕಟ್ಟಿಕೊಂಡು ಬಯಲಿಗೇ ಬಂದ. ನಾಗಪುರದ ಹುಡುಗನೊಬ್ಬ ಕೋಲು ಎತ್ತಿದ. ಜನ ನಿಜಕ್ಕೂ ಉಸಿರು ಹಿಡಿದು ನಿಂತಿದ್ದರು. ಹಿಂದಿನಿಂದ ಡಣ ಡಣ ಎಂದು ಹಲಗೆಯ ಸದ್ದು, ಅದರ ಬೆನ್ನಿಗೆ ಕೋಟೆಗೋಡೆಗೆ ಬಡಿದು ಬರುವಂಥ ಧ್ವನಿ: ಕೇಳ್ರಪೋ ಕೇಳ್ರಿ, ಆಟ ನಡದೈತಿ, ಯಾರೂ ಪಿಟ್ಟ ಅನಬಾರದು. ನಾಗಪುರದವನ ಚೆಂಡು ಪಕ್ಕದ ಹೊಲದ ಕಡಲೆಯಲ್ಲಿ ಬಿತ್ತು. ಎರಡನೆಯವನು ಕೋಲು ಎತ್ತಿದ, ಮತ್ತೆ ಡಣ ಡಣ. ಯಾರು ಕೋಲು ಎತ್ತಿದರೂ, ಈಗ ಮೌನದ ಸಮಯ ಬಂತು ಎಂದು ಆ ಮನುಷ್ಯ ಹಲಗೆ ಎತ್ತುತ್ತಿದ್ದ.

ಮಾಸ್ತರರು ಧೋತರ ಎತ್ತಿ ಹಿಡಿದು ಓಡಿದರು. ಕೈ ಜೋಡಿಸಿ, ನಿಲ್ಲಿಸು ಮಾರಾಯಾ ಎಂದರು. ಅವನಿಗೆ ಅವರ ಮೇಲೆ ಕನಿಕರ ಬಂತು.

"ನಿಲ್ಲಸತೇನ್ರಿ ಮಾಸ್ತರ, ನನಗೇನು. ಆದ್ರ ನಾ ಸುಮ್ಮ ಆದ್ನೆಂದ್ರ, ಸುಮ್ಮನಿರಬೇಕಂತ ಮಂದಿಗೆ ಹ್ಯಾಂಗ ತಿಳೀಬೇಕ್ರಿ?"

ನಾಗಪುರದವರು ಅವತ್ತೇ ಸೋತು ಹೊರಬಿದ್ದರು. ಅವರನ್ನು ಸೋಲಿಸಿದ್ದು ಮುಂಬಯಿಯವರು ಎಂದು ಎಲ್ಲರೂ ಹೇಳುತ್ತಾರೆ.

ಹೋಳಿಗೆಯ ಪೆಟ್ಟು

ನಮ್ಮ ಪಾಲಿಗೆ ಮದ್ರಾಸಿನವರು ಬಂದಿದ್ದರು. ಮದ್ರಾಸಿನ ಕ್ಯಾಪ್ಟನ್ ಮುಂಜಾನೆಯ ಆಟದಲ್ಲಿ ನಮ್ಮನ್ನು ಹಿಂಡಿ ಹಿಪ್ಪೆ ಮಾಡಿದ್ದ. ಮಧ್ಯಾಹ್ನದ ಊಟ ಪ್ರಿನ್ಸಿಪಾಲರ ಮನೆಯಲ್ಲಿ. ಅಡುಗೆಗೆ ತಿಕೋಟಾದಿಂದ ನಮ್ಮ ಅವ್ವ ಬಂದಿದ್ದಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಕೆನೆಮೊಸರು, ಮೇಲೆ ಶೇಂಗಾ ಹೋಳಿಗೆ, ತುಪ್ಪ.

ನಮ್ಮ ಕಡೆ ಬಡಿಸುವುದಕ್ಕೂ ಒಂದು ರೀತಿ ಇದೆ. ಅತಿಥಿ ಬೇಡ ಎಂದರೆ ಅದು ಸಂಕೋಚ, ಸಾಕು ಎಂದರೆ ಅದು ಮರ್ಯಾದೆ, ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಇನ್ನೂ ಹಸಿವೆ ಇದೆ ಎಂದು ಅರ್ಥ. ಮದ್ರಾಸಿನ ಕ್ಯಾಪ್ಟನ್ ಮೂರನ್ನೂ ಮಾಡಿದ. ಪ್ರತಿಯೊಂದಕ್ಕೂ ಒಂದೊಂದು ಹೋಳಿಗೆ ಬಿತ್ತು. ಕಡೆಗೆ ಅವನು ಅತ್ತಿತ್ತ ನೋಡಿ, ಮುಂದೆ ಯಾರೂ ಇಲ್ಲವೆಂದು ಎಲೆ ಮಡಚಲು ಬಾಗಿದ. ಅವ್ವ ಹಿಂದಿನಿಂದ ಬಂದು ಭುಜದ ಮೇಲಿನಿಂದ ಕೈ ಚಾಚಿ ಇನ್ನೆರಡು ಇಳಿಸಿದಳು. ಹೆತ್ತತಾಯಿ ದೂರದಲ್ಲಿರುವ ಮಕ್ಕಳು, ಅರೆಹೊಟ್ಟೆಯಲ್ಲಿ ಆಡಬಾರದು ಎಂಬುದು ಅವಳ ಪ್ರಾಮಾಣಿಕ ಚಿಂತೆ. ಆಟದಲ್ಲಿ ಯಾರು ಯಾವ ಕಡೆಯವರು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಆಟ ಮತ್ತೆ ಶುರುವಾಯಿತು. ಕ್ಯಾಪ್ಟನ್ ಚೆಂಡು ಇಡಲು ಬಾಗಿದ, ಅರ್ಧಕ್ಕೆ ನಿಂತ, ದಯವಿಟ್ಟು ನೀನೇ ಇಡು ಎಂದು ನನಗೆ ಕೊಟ್ಟ. ಕೋಲು ಎತ್ತಿದ, ಅದೂ ಅರ್ಧಕ್ಕೇ ನಿಂತಿತು. ಆಮೇಲೆ ಕೋಲನ್ನು ಊರುಗೋಲಿನಂತೆ ಹಿಡಿದು ಹುಣಸೆ ಮರದ ಕೆಳಗೆ ಹೋಗಿ ಒರಗಿದ. ಅವನ ಮೂವರು ಸಂಗಡಿಗರು ಮೊದಲೇ ಅಲ್ಲಿದ್ದರು.

ತೀರ್ಪುಗಾರರಾಗಿ ಬಂದಿದ್ದವರು ಬೆಳಗಾವಿಯ ಒಬ್ಬ ನಿವೃತ್ತ ಮೇಜರ್ ಸಾಹೇಬರು. ಎಲ್ಲವೂ ಕಟ್ಟುನಿಟ್ಟು. ಮರದ ಹತ್ತಿರ ಹೋಗಿ, ಆಟ ಬಿಡುವುದಾದರೆ ಕಾರಣ ಹೇಳಬೇಕು, ನಿಯಮದ ಪ್ರಕಾರ ಕಾಯಿಲೆ ಇರಬೇಕು ಇಲ್ಲವೆ ಅಪಘಾತ ಇರಬೇಕು, ನಿಮ್ಮದು ಯಾವುದು ಎಂದು ಕೇಳಿದರು. ಮದ್ರಾಸಿನ ಕ್ಯಾಪ್ಟನ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅರ್ಧ ಕಣ್ಣು ತೆರೆದ. ಆಮೇಲೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ: ಅಪಘಾತ ಅನ್ನಿ ಸರ್. ಆದರೆ ನನ್ನದೇನೂ ತಪ್ಪಿಲ್ಲ. ನಾನು ನನ್ನ ದಾರಿಯಲ್ಲಿದ್ದೆ, ಅವರು ಹಿಂದಿನಿಂದ ಬಂದರು.

ಗುಮ್ಮಟದೊಳಗಿನ ಹೊಡೆತ

ಹೀಗೆ ನಾವು ಫೈನಲಿಗೆ ಬಂದೆವು. ಮುಂಬಯಿಯವರು ಒಂದು ಕಡೆ, ನಾವು ಒಂದು ಕಡೆ. ಅವತ್ತು ನಮ್ಮ ಉಳಿದ ಇಬ್ಬರು ಬಹಳ ಚೆನ್ನಾಗಿ ಆಡಿದರು, ನಾನೂ ಹೆಸರು ಕೆಡಿಸಲಿಲ್ಲ. ಕಡೆಯ ತೆಗ್ಗಿಗೆ ಬರುವ ಹೊತ್ತಿಗೆ ಎರಡೂ ತಂಡ ಸರಿಸಮ. ಉಳಿದದ್ದು ಮುಂಬಯಿ ಕ್ಯಾಪ್ಟನ್ ಮತ್ತು ನಮ್ಮ ಪೈಲ್ವಾನ. ಆ ಒಂದು ತೆಗ್ಗಿಗೆ ಯಾರು ಕಡಿಮೆ ಹೊಡೆತದಲ್ಲಿ ಚೆಂಡು ಹಾಕುತ್ತಾರೋ ಚಾಂಪಿಯನ್‌ಶಿಪ್ಪಿನ ಕಪ್ ಅವರದು. ಊರಿಗೆ ಊರೇ ಬಯಲಲ್ಲಿ ನೆರೆದಿತ್ತು. ಬಬಲೇಶ್ವರದಿಂದ ಗರಡಿಯ ಹಿರಿಯರು ಚಕ್ಕಡಿ ಕಟ್ಟಿಕೊಂಡು ಬಂದಿದ್ದರು.

ಆ ಕಡೆಯ ತೆಗ್ಗಿಗೆ ಹೋಗುವ ದಾರಿಯ ಮಗ್ಗುಲಲ್ಲಿ ಒಂದು ಹಾಳು ಗುಮ್ಮಟವಿತ್ತು. ಯಾರು ಕಟ್ಟಿಸಿದರೋ, ಯಾಕೆ ಅರ್ಧಕ್ಕೆ ಬಿಟ್ಟರೋ, ಒಳಗೆ ಗೋರಿಯೂ ಇಲ್ಲ, ಏನೂ ಇಲ್ಲ. ಬಿಸಿಲಿಗೆ ದನ ನಿಲ್ಲುತ್ತಿದ್ದವು. ಒಂದು ಕಡೆ ಸಣ್ಣ ಬಾಗಿಲು, ಇನ್ನೊಂದು ಕಡೆ ಗೋಡೆ ಬಿದ್ದು ಆದ ದೊಡ್ಡ ಕಿಂಡಿ. ಕಿಂಡಿಯ ಆಚೆ, ಕೂಗಿದರೆ ಕೇಳುವಷ್ಟು ದೂರದಲ್ಲಿ ಕಡೆಯ ತೆಗ್ಗು.

ಮುಂಬಯಿ ಕ್ಯಾಪ್ಟನ್ ಹೊಡೆದ. ಗಾಳಿ ಬಂತು, ಚೆಂಡು ಸಣ್ಣ ಬಾಗಿಲಲ್ಲಿ ಹಾದು ಗುಮ್ಮಟದೊಳಗೆ ಹೋಯಿತು. ನಮ್ಮವರು ಸಂತೋಷಪಡುವುದರೊಳಗೆ ಪೈಲ್ವಾನನೂ ಹೊಡೆದ, ಅವನ ಚೆಂಡೂ ಅದೇ ಬಾಗಿಲಲ್ಲಿ ಒಳಗೆ ಹೋಯಿತು. ಇಬ್ಬರದೂ ಒಂದೊಂದು ಹೊಡೆತ, ಇಬ್ಬರ ಚೆಂಡೂ ಒಳಗೆ.

ಮೊದಲು ಕ್ಯಾಪ್ಟನ್ ಒಳಗೆ ಹೋದ. ಎದುರಾಳಿ ನೋಡುತ್ತಿರಬೇಕು ಎಂಬುದು ಪದ್ಧತಿ, ಹಾಗಾಗಿ ಪೈಲ್ವಾನ ಬಾಗಿಲಲ್ಲಿ ನಿಂತ. ಮೇಜರ್ ಸಾಹೇಬರು ಹೊರಗೆ ಕೊಡೆಯ ನೆರಳಲ್ಲಿ ಕುರ್ಚಿಯ ಮೇಲೆ ಕುಳಿತು ಕಿವಿಗೊಟ್ಟಿದ್ದರು. ಒಳಗಿನಿಂದ ಸದ್ದು ಬಂತು: ಟಕ್. ಆಮೇಲೆ ಟಕ್, ಟಕ್, ಟಕ್, ಟಕ್. ಕಿಂಡಿಯಿಂದ ಚೆಂಡು ಹೊರಗೆ ಹಾರಿ ತೆಗ್ಗಿನ ಸಮೀಪ ಬಿದ್ದಿತು. ಮೇಜರರು ಬೆರಳು ಎಣಿಸಿ, ಒಳಗೆ ಐದು ಎಂದು ಘೋಷಿಸಿದರು.

ಕ್ಯಾಪ್ಟನ್ ಹೊರಗೆ ಓಡಿ ಬಂದ. ತಾನು ಹೊಡೆದದ್ದು ಒಂದೇ ಎಂದ. ಮೇಜರರು, ನನ್ನ ಕಿವಿ ಎರಡೂ ಸರಿ ಇವೆ ಎಂದರು. ನಮ್ಮ ಪ್ರಿನ್ಸಿಪಾಲರು ಮುಂದೆ ಬಂದು, ಕಣ್ಣಿಗೆ ಕಾಣದಲ್ಲಿ ಕಿವಿಯೇ ಪ್ರಮಾಣ ಎಂದರು. ಸಂಸ್ಕೃತದ ಮಾಸ್ತರರು, ಧ್ವನಿ ಬೇರೆ ಪ್ರತಿಧ್ವನಿ ಬೇರೆ ಎಂದು ಶುರು ಮಾಡಿದರು. ಪ್ರಿನ್ಸಿಪಾಲರು ಅವರ ತೋಳು ಹಿಡಿದು ಹಿಂದೆ ಎಳೆದರು. ಮೇಜರರು ಎದ್ದು ಬಾಗಿಲಲ್ಲಿ ತಲೆ ಹಾಕಿ, ಒಂದೇನಾ ಎಂದು ಕೂಗಿದರು. ಒಂದೇನಾ, ಒಂದೇನಾ, ಒಂದೇನಾ ಎಂದು ಗುಮ್ಮಟ ಅವರನ್ನೇ ತಿರುಗಿ ಕೇಳಿತು. ಅವರಿಗೆ ಸಂಶಯ ಹತ್ತಿತು. ಕಡೆಗೆ, ನೋಡಿದವನು ಒಬ್ಬನೇ, ಅವನೇ ಹೇಳಲಿ ಎಂದು ಪೈಲ್ವಾನನ ಕಡೆ ತಿರುಗಿದರು.

ಜನ ಗುಮ್ಮಟದ ಹತ್ತಿರಕ್ಕೆ ಒತ್ತರಿಸಿ ಬಂದರು. ಐದು ಎಂದುಬಿಟ್ಟರೆ ಕಪ್ ನಮ್ಮದು. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಅವನು ನನ್ನನ್ನು ನೋಡಲಿಲ್ಲ, ವಸ್ತಾದರ ಕಡೆ ಒಮ್ಮೆ ನೋಡಿದ.

"ಒಂದ ಹೊಡತರಿ ಸಾಹೇಬ್ರ. ಉಳಿದದ್ದ ಗುಮ್ಮಟ ಹೊಡದದ್ದು."

ಮುಂಬಯಿ ಕ್ಯಾಪ್ಟನ್ ಬಂದು ಅವನ ಕೈ ಹಿಡಿದುಕೊಂಡ. ವಸ್ತಾದರು ಚಕ್ಕಡಿಯ ಮೇಲೆ ಎದ್ದು ನಿಂತರು. ಪ್ರಿನ್ಸಿಪಾಲರು ರುಮಾಲು ತೆಗೆದು ಗಾಳಿ ಹಾಕಿಕೊಂಡರು.

ಈಗ ಪೈಲ್ವಾನನ ಸರದಿ. ಬಾಗಿಲಲ್ಲಿ ಕ್ಯಾಪ್ಟನ್ ನಿಲ್ಲಬೇಕಾಗಿತ್ತು. ಇಂಥ ಮನುಷ್ಯನ ಮೇಲೆ ಕಾವಲು ನಿಂತರೆ ನನಗೆ ಶೋಭೆಯಲ್ಲ ಎಂದು ಅವನು ಆಚೆ ಹೋಗಿ ಕಲ್ಲಿನ ಮೇಲೆ ಕುಳಿತ. ಪೈಲ್ವಾನ ಒಬ್ಬನೇ ಒಳಗೆ ಹೋದ.

ಟಕ್ ಎಂದಿತು. ಆಮೇಲೆ ಟಕ್, ಟಕ್. ಸ್ವಲ್ಪ ತಡೆದು ಟಕ್, ಟಕ್, ಟಕ್. ನಡುವೆ ಗೋಡೆಯ ಗಚ್ಚು ಉದುರಿದ ಸದ್ದು. ಪಾರಿವಾಳಗಳು ಕಿಂಡಿಯಿಂದ ಹೊರಗೆ ಹಾರಿದವು. ಮತ್ತೆ ಟಕ್, ಟಕ್. ಮೇಜರ್ ಸಾಹೇಬರು ಈ ಸಲ ಬೆರಳು ಎಣಿಸಲೇ ಇಲ್ಲ. ಪ್ರತಿಧ್ವನಿಯ ಗುಟ್ಟು ತಿಳಿದವರ ನಗೆ ನಗುತ್ತ ಕುಳಿತಿದ್ದರು. ಕೊನೆಗೆ ಚೆಂಡು ಕಿಂಡಿಯಿಂದ ಬಂದು, ಉರುಳುತ್ತ ಉರುಳುತ್ತ ಹೋಗಿ ತೆಗ್ಗಿನ ಅಂಚಿಗೆ ನಿಂತಿತು. ಮೆಲ್ಲಗೆ ಮುಟ್ಟಿದರೆ ಒಳಗೆ ಬೀಳುವ ಹಾಗೆ. ಕ್ಯಾಪ್ಟನ್ನನ ಚೆಂಡಿಗೆ ಇನ್ನೂ ಎರಡಾದರೂ ಬೇಕಾಗಿತ್ತು.

ಮೇಜರರು ಎದ್ದು ನಿಂತು, ಒಳಗೆ ಒಂದು ಎಂದು ಘೋಷಿಸಿದರು. ಬಯಲು ಭೋರೆಂದು ಕೂಗಿತು. ಪ್ರಿನ್ಸಿಪಾಲರು ಸಂಸ್ಕೃತದ ಮಾಸ್ತರರನ್ನು ಅಪ್ಪಿಕೊಂಡರು. ನಾನು ಬೂಟುಗಾಲಲ್ಲೇ ಕುಣಿದೆ. ಮುಂಬಯಿ ಕ್ಯಾಪ್ಟನ್ ಕೂಡ ಎದ್ದು ಚಪ್ಪಾಳೆ ತಟ್ಟಿದ.

ಪೈಲ್ವಾನ ಬಾಗಿ ಸಣ್ಣ ಬಾಗಿಲಿನಿಂದ ಹೊರಗೆ ಬಂದ. ಮೈಯೆಲ್ಲ ಗಚ್ಚಿನ ಧೂಳು, ಮುಖದಿಂದ ಬೆವರು ಇಳಿಯುತ್ತಿತ್ತು, ಕೋಲು ನಡುವೆ ಬಾಗಿತ್ತು. ಕೂಗು ನಿಲ್ಲುವವರೆಗೆ ಕಾದು, ನೇರವಾಗಿ ಮೇಜರ್ ಸಾಹೇಬರ ಮುಂದೆ ಹೋಗಿ ಕೈ ಮುಗಿದು ನಿಂತ.

"ಸಾಹೇಬ್ರ, ಈ ಸಲ ಗುಮ್ಮಟದ ತಪ್ಪ ಏನೂ ಇಲ್ರಿ. ಆವಾಗಿಂದ ಹೊಡದಾಂವ ನಾನ."